ಗೆರೆ ಇಲ್ಲದ ನಕ್ಷೆಯ ಬಗ್ಗೆ ಎಂಟನೇ ತರಗತಿಯ ಪೋಷಕರಿಗೆ

ಪ್ರೀತಿಯ ಪೋಷಕರೇ, ನಮಸ್ಕಾರ.

ಮಕ್ಕಳು ಬರೆದ, ಆಸ್ಟ್ರೇಲಿಯಾದ ಮೂಲನಿವಾಸಿಗಳ ಭಾಷೆಗಳನ್ನು ತೋರಿಸುವ ನಕ್ಷೆಯ ಬಗ್ಗೆ ಈ ವಾರ ನಿಮ್ಮಲ್ಲಿ ಹಲವರು ಕೇಳಿದಿರಿ. ಬಣ್ಣ ಕಲಸಿದಂತಿದೆ, ಗಡಿಯೇ ಇಲ್ಲ, ಆದರೂ ಪೂರ್ತಿ ಅಂಕ ಹೇಗೆ ಕೊಟ್ಟಿರಿ ಅಂತ. ಗೆರೆ ಬೇಡ ಎಂದು ಹೇಳಿದ್ದೇ ನಾವು.

1788ರಲ್ಲಿ ಬ್ರಿಟಿಷರು ಬಂದು ನೆಲೆಸುವ ಹೊತ್ತಿಗೆ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಸ್ಕೇಲ್ ಇಟ್ಟು ತೋರಿಸಲು ಆಗುವುದಿಲ್ಲ. ಬೇರೆ ಭಾಷೆಯ ಗುಂಪುಗಳ ನಡುವೆ ಮದುವೆಗಳು ನಡೆಯುತ್ತಿದ್ದವು. ಅಮ್ಮನ ಭಾಷೆ ಒಂದು, ಅಪ್ಪನದು ಇನ್ನೊಂದು. ಮಗುವಿಗೆ ಎರಡೂ ಬರುತ್ತಿತ್ತು, ಎಷ್ಟೋ ಸಲ ಮೂರನೆಯದೂ. ಅಂಥ ಮನೆಯನ್ನು ಗೆರೆಯ ಯಾವ ಕಡೆ ಇಡುತ್ತೀರಿ? ಅಲ್ಲಿನ ಮೂಲನಿವಾಸಿಗಳ ಅಧ್ಯಯನ ಸಂಸ್ಥೆಯೊಂದು 1996ರಲ್ಲಿ ಹೊರತಂದ ಭಾಷಾ ನಕ್ಷೆಯಲ್ಲೂ ಬಣ್ಣಗಳ ಅಂಚು ಮಸುಕಾಗಿಯೇ ಇದೆ. ಈ ಗಡಿಗಳು ಖಚಿತವಲ್ಲ, ಭೂಮಿಯ ಹಕ್ಕು ಕೇಳಲು ಇದನ್ನು ಬಳಸಬೇಡಿ ಎಂದು ಅವರೇ ಹೇಳಿದ್ದಾರೆ.

ಇನ್ನು ಹೆಸರುಗಳು. ಆಸ್ಟ್ರೇಲಿಯಾದ ಉಲುರು ಎಂಬ ಕೆಂಪು ಬಂಡೆಯನ್ನು 1873ರಲ್ಲಿ ಒಬ್ಬ ಸರ್ವೇಯರ್ ನೋಡಿ ಏಯರ್ಸ್ ರಾಕ್ ಎಂದು ಕರೆದ. 1993ರಲ್ಲಿ ಉಲುರು ಎಂಬ ಹಳೆಯ ಹೆಸರನ್ನೂ ಜೊತೆಗೆ ಸೇರಿಸಿದರು, ಆದರೆ ಎರಡನೆಯದಾಗಿ. 2002ರಲ್ಲಿ ಅದು ಮುಂದೆ ಬಂತು. ಎರಡು ಹೆಸರು ಹಿಂದೆ ಮುಂದೆ ಆಗಲು ಒಂಬತ್ತು ವರ್ಷ!

ಕೆನಡಾದ ಇಕಾಲುಯಿಟ್ ಪಟ್ಟಣ 1987ರವರೆಗೆ ಒಬ್ಬ ಇಂಗ್ಲಿಷ್ ನಾವಿಕನ ಹೆಸರಲ್ಲಿತ್ತು. ಅಲ್ಲಿನ ಮೂಲನಿವಾಸಿಗಳಾದ ಇನ್ಯುಟ್ ಜನರ ಭಾಷೆಯಲ್ಲಿ ಇಕಾಲುಯಿಟ್ ಎಂದರೆ ಮೀನು ಜಾಸ್ತಿ ಇರುವ ಜಾಗ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಒಂದು ‘ಯು’ ಹೆಚ್ಚಾಗಿ ಸೇರಿದರೆ ಅರ್ಥ ಕೆಡುತ್ತದೆ. ಎಷ್ಟು ಕೆಡುತ್ತದೆ ಎಂದು ಶಾಲೆಯ ಪತ್ರದಲ್ಲಿ ಬರೆಯುವಂತಿಲ್ಲ. ಮಕ್ಕಳನ್ನು ಕೇಳಿ, ಅದೊಂದು ಪಾಠ ಅವರು ಮರೆತಿಲ್ಲ.

ಮಕ್ಕಳ ಕೆಲವು ನಕ್ಷೆಗಳಲ್ಲಿ ಅಲ್ಲಲ್ಲಿ ಖಾಲಿ ಜಾಗವಿದೆ. ಅದು ಸೋಮಾರಿತನ ಅಲ್ಲ. ಕೆಲವು ಪವಿತ್ರ ಜಾಗಗಳ ಹೆಸರು, ಕಥೆಗಳನ್ನು ಆಸ್ಟ್ರೇಲಿಯಾದ ಮೂಲನಿವಾಸಿ ಸಮುದಾಯಗಳ ಹಿರಿಯರು ಹೊರಗಿನವರಿಗೆ ಹೇಳುವುದಿಲ್ಲ. ಹೇಳದಿದ್ದನ್ನು ನಾವು ಸುಮ್ನೆ ಊಹಿಸಿ ತುಂಬಬಾರದು ಅಲ್ವಾ?

ಕೊನೆಯದಾಗಿ, ಮನೆಯಲ್ಲಿ ದೊಡ್ಡವರು ಯಾರೋ ಪ್ರೀತಿಯಿಂದಲೇ ಗಡಿ ಎಳೆದುಕೊಟ್ಟ ನಾಲ್ಕು ನಕ್ಷೆಗಳನ್ನು ವಾಪಸ್ ಕಳಿಸುತ್ತಿದ್ದೇನೆ. ಪೆನ್ಸಿಲ್ ಗೆರೆ, ಹೋಗುತ್ತದೆ. ಅಳಿಸುವ ಕೆಲಸ ಮಕ್ಕಳೇ ಮಾಡಲಿ. ಸೋಮವಾರ ತಂದುಕೊಟ್ಟರೆ ಸಾಕು.

ಇಂತಿ,
ಮುಖ್ಯ ಶಿಕ್ಷಕಿ