ಅಕ್ಕಿಕಾಳು ಬೀಳುವಾಗ ನಿಮ್ಮಪ್ಪ ಅಲ್ಲೇ ಇರಬೇಕು

ಮಗಳೇ,

ಭಾನುವಾರ ನಿನ್ನ ಲಗ್ನಕ್ಕೆ ಪ್ಲಾನರ್ ಬೇಕೋ ಬೇಡವೋ ಅಂತ ಅಪ್ಪನ ಜೊತೆ ಜಗಳವಾಡಿ ನೀನು ಫೋನ್ ಇಟ್ಟ ಮೇಲೆ ಅವರು ಊಟಕ್ಕೆ ಏಳಲಿಲ್ಲ. ಯಾರು ಏನೆಂದರು ಅನ್ನೋದನ್ನ ಮತ್ತೆ ಕೆದಕುವುದಿಲ್ಲ. ಫೋನಿನಲ್ಲಿ ನೀವಿಬ್ಬರೂ ನನಗೆ ಮಾತಾಡಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸುಮ್ಮನೆ ಕೂತಿದ್ದಕ್ಕೆ ಅಪ್ಪನ ಕಡೆ ಅಂದುಕೊಂಡೆ, ಅಲ್ವಾ? ಅಲ್ಲ. ವೆಡ್ಡಿಂಗ್ ಪ್ಲಾನರ್ ಬೇಕು ಅಂತ ನನಗೂ ಅನ್ನಿಸಿದೆ. ನೀನು ಸ್ಟೇಜು, ಹೂವು, ಲೈಟು ಅಂತ ಹೇಳುತ್ತಿದ್ದೆ. ನನಗೆ ನಿನ್ನ ಮುತ್ಯಾನದೇ, ನಮ್ಮಪ್ಪನದೇ ನೆನಪು.

ನನ್ನ ಲಗ್ನ ಆಗಿದ್ದು 1996ರ ಮೇ ತಿಂಗಳಲ್ಲಿ, ಆಳಂದ ಕಡೆಯ ನಮ್ಮೂರಲ್ಲಿ, ಮನೆ ಮುಂದಿನ ಹಂದರದಲ್ಲಿ. ಮುಹೂರ್ತಕ್ಕೆ ಸ್ವಲ್ಪ ಹೊತ್ತಿದೆ ಅನ್ನುವಾಗ ಅಡುಗೆಯವರು ನೀರು ತೀರಿತು ಅಂದರು. ಮುತ್ಯಾ ಯಾರದೋ ಲೂನಾ ಹತ್ತಿ ಟ್ಯಾಂಕರ್ ಕರೆತರಲು ಹೋದರು. ಮುಹೂರ್ತ ಯಾರಿಗಾದರೂ ಕಾಯುತ್ತದೆಯೇ? ವಾಲಗ ಜೋರಾಯಿತು, ಅಕ್ಕಿಕಾಳು ಬಿದ್ದವು. ತಲೆ ತಗ್ಗಿಸಿ ಕೂತ ನಾನು ಅವರ ಧೋತರದ ಅಂಚು ಎಲ್ಲಾದರೂ ಕಾಣುತ್ತದಾ ಅಂತ ನೋಡುತ್ತಿದ್ದೆ. ಆಮೇಲೆ ಬಂದರು. ಧೋತರ ಮೊಣಕಾಲಿನ ತನಕ ತೊಯ್ದಿತ್ತು, ಕೈಗೆಲ್ಲ ಟ್ಯಾಂಕರಿನ ತುಕ್ಕು. "ಬಿದ್ದವೇನವ್ವಾ?" ಅಂದರು. ಬೆಳಿಗ್ಗೆ ಯಾರೋ ಕೊಟ್ಟ ಅಕ್ಕಿಕಾಳು ಅಂಗಿ ಜೇಬಿನಲ್ಲಿ ಹಾಗೇ ಇದ್ದವು. ಬೆವರಿಗೆ ಜೇಬೆಲ್ಲ ಹಳದಿಯಾಗಿತ್ತು.

ಆ ಜೇಬು ನನ್ನ ಕಣ್ಣಿನಿಂದ ಹೋಗಿಲ್ಲ. ನೀರು ತರಲು ಬೇರೆ ಯಾರೂ ಇರಲಿಲ್ಲವಾ ಅಂತ ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ಇದ್ದರು. ಕಾಕಾಗಳು, ಮಾಮಾಗಳು, ಅಣ್ಣಂದಿರು, ಹಂದರದ ತುಂಬ ಜನ. ಯಾರೂ ಕೆಲಸಗಳ್ಳರಲ್ಲ. ಆದರೆ ಅಡುಗೆಯವರು ಬಂದು ಹೇಳಿದ್ದು ಮುತ್ಯಾನಿಗೆ. ಯಾರಿಗೆ ಹೇಳುತ್ತಾರೋ ಅವರೇ ಓಡುತ್ತಾರೆ. ಅವತ್ತು ಯಾರಿಗೆ ಹೇಳಬೇಕು ಅಂತ ಬೇರೆ ಒಬ್ಬರನ್ನು ಗೊತ್ತು ಮಾಡಿದ್ದರೆ ನಮ್ಮಪ್ಪ ನನ್ನ ಹತ್ತಿರ ನಿಂತಿರುತ್ತಿದ್ದರು.

ಈಗ ನಿಮ್ಮ ಕಾಕಾ "ನಾವೆಲ್ಲ ಇದ್ದೀವಿ, ಪ್ಲಾನರ್ ಯಾಕ ಬೇಕು?" ಅಂತಾರೆ. ಇರುತ್ತಾರೆ, ನಿಜ. ಆದರೆ ಜನರೇಟರ್ ನಿಂತರೆ ಅವರೂ ಬಂದು ಕೇಳುವುದು ನಿಮ್ಮಪ್ಪನನ್ನೇ. ಮೇ ತಿಂಗಳ ಕಲಬುರಗಿ, 42 ಡಿಗ್ರಿ ದಾಟುವ ಬಿಸಿಲು, ಅವರ ಬಿಪಿ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಹಾಗಂತ ನೀನು ಕಳಿಸಿದ ಕೊಟೇಶನ್ನಿಗೆ ನನ್ನ ಒಪ್ಪಿಗೆ ಇಲ್ಲ. ಒಟ್ಟು ಖರ್ಚಿನ ಶೇ 12 ಕೇಳಿದ್ದಾರೆ. ನಮ್ಮ 15 ಲಕ್ಷಕ್ಕೆ 1,80,000 ಆಯಿತು. ಮೇಲೆ ಶೇ 18 ಜಿಎಸ್‌ಟಿ, ಒಟ್ಟು 2,12,400. ನಾವು ಖರ್ಚು ಮಾಡಿದಷ್ಟೂ ಅವರ ಪಾಲು ಜಾಸ್ತಿ. ಹಾಗಿದ್ದ ಮೇಲೆ ಇದು ಬೇಡ, ಅದು ಬಿಡಿ ಅಂತ ಅವರು ಯಾಕೆ ಹೇಳುತ್ತಾರೆ? ಹಾಲ್ ಬುಕ್ ಆಗಿದೆ, ಅಡುಗೆಯವರು ಗೊತ್ತಿದ್ದವರು, ಸೀರೆ ಬಂಗಾರ ನಾನು ನೋಡಿಕೊಳ್ಳುತ್ತೇನೆ. ಉಳಿದಿರುವುದು ದೇವರ ಕಾರ್ಯದ ದಿನ ಮತ್ತು ಲಗ್ನದ ದಿನದ ಓಡಾಟ. ಅವರೇ ಕೊನೇ ಪುಟದಲ್ಲಿ ಎರಡು ದಿನದ ಉಸ್ತುವಾರಿಗೆ 50,000 ಅಂತ ಬರೆದಿದ್ದಾರೆ, ನೋಡಿದೆಯಾ? ಜಿಎಸ್‌ಟಿ ಸೇರಿ 59,000. ಅಷ್ಟು ಸಾಕು. ಅರ್ಧ ಖರ್ಚು ನಾನೇ ಕೊಡುತ್ತೇನೆ ಅಂತ ನೀನು ಅಂದಾಗ ನನಗೆ ಹೆಮ್ಮೆಯಾಯಿತು. ಆದರೆ ಈ 59,000 ನನ್ನ ಚೀಟಿ ದುಡ್ಡಿನಲ್ಲಿ ಕೊಡುತ್ತೇನೆ.

ಅಡ್ವಾನ್ಸ್ ಕೊಡುವ ಮುಂಚೆ ಎಲ್ಲ ಬರೆಸಿಕೋ. ಲಗ್ನದ ದಿನ ಬಂದು ನಿಲ್ಲುವವರು ಯಾರು, ಅವರ ಹೆಸರು ಬೇಕು. ಮಾತಾಡಿದವರು ಒಬ್ಬರು, ಬರುವ ಹುಡುಗ ಇನ್ನೊಬ್ಬ ಆಗಬಾರದು. ಡೆಕೋರೇಷನ್‌ನವರಿಂದ ಕಮಿಷನ್ ತಗೊಳ್ತೀರಾ ಅಂತ ನೇರವಾಗಿ ಕೇಳು. ತಾರೀಕು ಮುಂದೆ ಹೋದರೆ ದುಡ್ಡಿನ ಗತಿ ಏನು ಅಂತಲೂ ಕೇಳು. ಪೂರ್ತಿ ಹಣ ಮೊದಲೇ ಕೊಡಬೇಡ, ಒಂದಿಷ್ಟು ಲಗ್ನ ಮುಗಿದ ಮೇಲೆ ಕೊಡು. ಅಳಿಯಂದಿರನ್ನೂ ಕೂರಿಸಿಕೊಂಡು ಲೆಕ್ಕ ಬರೆ. ಮುಂದೆ ಸಂಸಾರದಲ್ಲೂ ಹಾಗೇ, ಯಾವ ಖರ್ಚನ್ನೂ ಒಬ್ಬರಿಂದ ಒಬ್ಬರು ಮುಚ್ಚಿಡಬೇಡಿ. ರಾತ್ರಿ ಬೇಗ ಮಲಗು, ಮಧ್ಯಾಹ್ನದ ಊಟ ಬಿಡಬೇಡ. ಉಪದೇಶ ಅನ್ನಿಸಿದರೂ ಪರವಾಗಿಲ್ಲ, ಓದು.

ಎರಡು ಕೆಲಸ ಮಾತ್ರ ಪ್ಲಾನರ್ ಕೈಗೆ ಕೊಡುವುದಿಲ್ಲ. ಒಂದು, ಕರೆಯೋಲೆ. ಮನೆಗೆ ಹೋಗಿ ಕುಂಕುಮ ಹಚ್ಚಿ ಕರೆಯದಿದ್ದರೆ ನಮ್ಮ ಹಿರಿಯರು ಬರುವುದಿಲ್ಲ, ವಾಟ್ಸಾಪ್ ಕಾರ್ಡು ಅವರಿಗೆ ಲೆಕ್ಕಕ್ಕಿಲ್ಲ. ಇನ್ನೊಂದು, ಊಟದ ಪಟ್ಟಿ. ಪನೀರ್, ಪಾಸ್ತಾ ಏನಾದರೂ ಇರಲಿ. ಆದರೆ ತೊಗರಿ ಬೆಳೆಯುವ ಮನೆಯ ಲಗ್ನದಲ್ಲಿ ರೊಟ್ಟಿ, ಬೇಳೆ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಇಲ್ಲದಿದ್ದರೆ ಹೇಗೆ? ರೊಟ್ಟಿಗೆ ಓಣಿಯ ಮಹಿಳಾ ಸಂಘದವರಿಗೆ ಹೇಳಿಯಾಗಿದೆ.

ನಾಳೆ ಸಂಜೆ ಅಪ್ಪನಿಗೆ ಫೋನ್ ಮಾಡು. ಪ್ಲಾನರ್ ಅಂತಲೇ ಶುರು ಮಾಡಬೇಡ. "ಅಪ್ಪಾ, ಅಕ್ಕಿಕಾಳು ಬೀಳುವಾಗ ನೀವು ನನ್ನ ಪಕ್ಕದಲ್ಲಿ ಇರ್ತೀರಲ್ಲ?" ಅಂತ ಕೇಳು. ಉಳಿದದ್ದನ್ನು ನಾನು ಹೇಳುತ್ತೇನೆ.

ನಿನ್ನ ಅವ್ವ