ನಕ್ಸ್ ವಾಮಿಕಾ: ಶೀಶೆಯ ಮೇಲಿನ ಅಂಕಿಯನ್ನು ನೋಡಿ

ಸದಸ್ಯರ ಗಮನಕ್ಕೆ,

ನಕ್ಸ್ ವಾಮಿಕಾ ಎಂದರೆ ಕಾಸರಕದ ಬೀಜದಿಂದ ಮಾಡುವ ಹೋಮಿಯೋಪತಿ ಔಷಧ. ಅದು ವಿಷವೇ, ಅಲ್ಲವೇ ಎಂಬ ನಿನ್ನೆಯ ವಾದದಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋದವು: ಬೀಜದ ವಿಷ ಮತ್ತು ತೆಳುಗೊಳಿಸಿದ ಗುಳಿಗೆ. ಕಾಸರಕದ ಬೀಜದಲ್ಲಿ ಸ್ಟ್ರಿಕ್ನೀನ್ ಮತ್ತು ಬ್ರೂಸೀನ್ ಎಂಬ ವಿಷಕಾರಿ ಸಸ್ಯ ರಾಸಾಯನಿಕಗಳು, ಅಂದರೆ ಆಲ್ಕಲಾಯ್ಡ್‌ಗಳಿವೆ. ಬೆನ್ನುಹುರಿಯಲ್ಲಿ ನರಗಳಿಗೆ ಲಗಾಮು ಹಾಕುವುದು ಗ್ಲೈಸಿನ್ ಎಂಬ ರಾಸಾಯನಿಕ; ಅದು ಕೂರಬೇಕಾದ ಗ್ರಾಹಕಗಳನ್ನು (ನರಕೋಶಗಳು ಸಂಕೇತ ಹಿಡಿಯುವ ತಾಣಗಳನ್ನು) ಸ್ಟ್ರಿಕ್ನೀನ್ ಆಕ್ರಮಿಸಿಕೊಳ್ಳುತ್ತದೆ. ಆಗ ಸಣ್ಣ ಸದ್ದಿಗೂ ಸ್ನಾಯುಗಳು ಸೆಟೆದುಕೊಳ್ಳುತ್ತವೆ, ಉಸಿರೇ ನಿಲ್ಲಬಹುದು. 1818ರಲ್ಲೇ ಬೇರ್ಪಡಿಸಿದ ವಿಷವಿದು.

ಶೀಶೆಯ ಮೇಲೆ 30ಸಿ ಎಂದಿರುವ ಗುಳಿಗೆಯ ಕಥೆಯೇ ಬೇರೆ; ಸಿ ಎಂದರೆ ನೂರು ಪಟ್ಟು ತೆಳುಗೊಳಿಸುವ ಒಂದು ಸುತ್ತು. ನೂರರಲ್ಲಿ ಒಂದರಂತೆ ಮೂವತ್ತು ಬಾರಿ ತೆಳುಗೊಳಿಸಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವವಿಲ್ಲ (12ಸಿ ದಾಟಿದರೇ ಅನುಮಾನ). ಅದರಿಂದ ವಿಷವೇರದು, ಔಷಧಶಾಸ್ತ್ರದ ಲೆಕ್ಕದಲ್ಲಿ ಗುಣವಾಗಲೂ ಕಾರಣ ಕಾಣದು. ಆದರೆ ಮೂಲ ಟಿಂಕ್ಚರಿನಲ್ಲಿ (ತೆಳುಗೊಳಿಸುವ ಮುನ್ನದ ಬೀಜದ ಸಾರದಲ್ಲಿ) ಆಲ್ಕಲಾಯ್ಡ್ ನಿಜವಾಗಿಯೂ ಇದೆ. ಅದನ್ನು ಹನಿ ಎಣಿಸಿ ಕುಡಿಯುವ ಸಲಹೆಯನ್ನು ಇಲ್ಲಿ ಹಾಕಬೇಡಿ, ನಿನ್ನೆಯದನ್ನು ಅಳಿಸಿದ್ದೇನೆ.