ದಾದರ್ ಸೇತುವೆಯ ಭಯ

ಮುಲುಂಡ್
ಭಾನುವಾರ ಸಂಜೆ

ಚಿ. ಸೌ. ಮಗಳಿಗೆ ಚಿಕ್ಕಮ್ಮನ ಆಶೀರ್ವಾದ.

ನಿನ್ನ ಪತ್ರ ಸಿಕ್ಕಿತು. ಕಾಂದಿವಲಿಯ ಮನೆ, ಬಾಡಿಗೆ, ದೊಡ್ಡವಳ ಸ್ಕೂಲು, ಅಳಿಯಂದಿರ ನೈಟ್ ಶಿಫ್ಟು ಎಲ್ಲ ಅಕ್ಕ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ದಾದರ್ ಸ್ಟೇಶನ್ನಿನ ಸೇತುವೆಯ ಮೇಲೆ ಪಾಪು ಕೈತಪ್ಪಿ ಹೋದದ್ದರ ಬಗ್ಗೆ ಮೂರನೇ ಪುಟದಲ್ಲಿ ಬರೆದಿದ್ದೀಯಲ್ಲ, "ಕಣ್ಣು ಮುಚ್ಚಿದರೆ ನನ್ನ ಖಾಲಿ ಕೈಯೇ ಕಾಣುತ್ತದೆ ಚಿಕ್ಕಮ್ಮ, ಇನ್ನು ಮಕ್ಕಳನ್ನು ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ" ಅಂತ, ಅಲ್ಲಿಗೆ ಬಂದಾಗ ನನಗೆ ಮುಂದಿನದು ಓದಲು ಆಗಲಿಲ್ಲ. ಪತ್ರ ಮಡಚಿ ದೇವರ ಮನೆಯಲ್ಲಿಟ್ಟೆ. ರಾತ್ರಿ ಮತ್ತೆ ತೆಗೆದೆ. ಫೋನು ಮಾಡೋಣ ಅನ್ನಿಸಿತು. ಮಾಡಿದರೆ ನೀನೂ ಅಳುತ್ತೀಯ, ನಾನೂ ಅಳುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೊರಟಿದ್ದು ನಮ್ಮ ಮನೆಗೆ ಅಲ್ವಾ? ಮಕ್ಕಳನ್ನು ಕರೆದುಕೊಂಡು ಬಾ, ಗೋಳಿಬಜೆ ಮಾಡುತ್ತೇನೆ ಅಂತ ಕರೆದದ್ದೂ ನಾನೇ. ದಾದರ್‌ನಲ್ಲಿ ಇಳಿದು ಸೇತುವೆ ಹತ್ತಿ ಸೆಂಟ್ರಲ್ ಲೈನಿನ ಟ್ರೇನುಗಳ ಕಡೆ ಬಾ ಅಂದದ್ದೂ ನಾನೇ. ನಮಗೆಲ್ಲ ಅದೇ ದಾರಿ ರೂಢಿ. ಸಂಜೆ ಆರು ಗಂಟೆಗೆ ಎರಡು ಮಕ್ಕಳು, ಒಂದು ಬ್ಯಾಗು ಇಟ್ಟುಕೊಂಡು ಆ ಸೇತುವೆ ಮೇಲೆ ಹೊಸಬಳೊಬ್ಬಳು ಹೇಗೆ ನಡೆಯಬೇಕು ಅಂತ ಆಗ ಹೊಳೆಯಲಿಲ್ಲ.

ಪಾಪು ಕೈ ಬಿಡಿಸಿಕೊಂಡು ಹೋಗಿ ರಿಮೋಟ್ ಕಾರು ಮಾರುವವನ ಎದುರು ಕುಕ್ಕರುಗಾಲಲ್ಲಿ ಕೂತಿದ್ದ ಅಂತ ಬರೆದಿದ್ದೀಯ. ಆ ಮನುಷ್ಯ ಪಾಪುವಿನ ಅಂಗಿಯ ತುದಿ ಹಿಡಿದುಕೊಂಡೇ ವ್ಯಾಪಾರ ಮಾಡುತ್ತಿದ್ದ, "ಮಮ್ಮಿ ಆಯೇಗೀ, ಬೈಠ್" ಅನ್ನುತ್ತಿದ್ದ ಅಂತಲೂ ಬರೆದಿದ್ದೀಯ. ಅದನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಖಾಲಿ ಕೈಯ ಬಗ್ಗೆ ಮಾತ್ರ ಒಂದು ಪುಟ. ನಾನು ಆ ಅಂಗಿ ಹಿಡಿದವನ ಬಗ್ಗೆಯೇ ಯೋಚಿಸುತ್ತಿದ್ದೆ. ಅವನ ಎದುರು ದಿನಕ್ಕೆ ಎಷ್ಟು ಮಕ್ಕಳು ಹೀಗೆ ಬಂದು ಕೂರುತ್ತಾರೋ!

ಭಯಪಡಬೇಡ ಅಂತ ನಾನು ಹೇಳುವುದಿಲ್ಲ. ಈ ಊರಿನ ಜನಸಂದಣಿ ಆಟದ ಮಾತಲ್ಲ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ನಿನ ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ತೀರಿಹೋದರು. ಈಗ ಆ ಸ್ಟೇಶನ್ನಿಗೆ ಪ್ರಭಾದೇವಿ ಅಂತ ಹೆಸರು. ಮಳೆ ಅಂತ ಜನ ಸೇತುವೆ ಮೇಲೇ ನಿಂತಿದ್ದರು, ಹಿಂದಿನಿಂದ ಮತ್ತಷ್ಟು ಜನ ಬಂದರು. ಚಿಕ್ಕಪ್ಪ ಪರೇಲ್‌ನಲ್ಲಿ ಕೆಲಸದಲ್ಲಿದ್ದಾಗ ದಿನಾ ಹತ್ತಿ ಇಳಿಯುತ್ತಿದ್ದ ಮೆಟ್ಟಿಲು ಅದು. ಹಾಗಾಗಿ ನಿನ್ನ ಎದೆ ಹೊಡೆದುಕೊಂಡದ್ದರಲ್ಲಿ ತಪ್ಪಿಲ್ಲ. ಆದರೆ ದಾದರ್ ಬೇಡ ಅನ್ನುವುದು ಒಂದು, ಎಲ್ಲಿಗೂ ಬೇಡ ಅನ್ನುವುದು ಇನ್ನೊಂದು.

ನನ್ನ ಕಥೆ ಹೇಳುತ್ತೇನೆ. ಅಕ್ಕನಿಗೂ ಇದು ಪೂರ್ತಿ ಗೊತ್ತಿಲ್ಲ. ಮಳೆಗಾಲದಲ್ಲಿ ಊರಿನ ಮೇಳದವರು ಮುಂಬೈಗೆ ಬರುತ್ತಾರಲ್ಲ, ಹಾಗೆ ಒಂದು ವರ್ಷ ಮಾಟುಂಗದಲ್ಲಿ ಯಕ್ಷಗಾನದ ಆಟವಿತ್ತು. ನಮ್ಮ ಮಗ, ನಿನ್ನ ಅಣ್ಣ, ಆಗ ನಿಮ್ಮ ಪಾಪುವಿನಷ್ಟೇ ಇದ್ದ. ಮದುವೆಯಾಗಿ ಬಂದಮೇಲೆ ಚೆಂಡೆ ಸದ್ದು ಕೇಳಿದ್ದು ನನಗೆ ಅದೇ ಮೊದಲು. ನಾನು ಮೈಮರೆತು ಕೂತಿದ್ದೆ. ತಿರುಗಿ ನೋಡಿದರೆ ಪಕ್ಕದ ಕುರ್ಚಿ ಖಾಲಿ. ಹಾಲಿನ ತುಂಬ ನಮ್ಮವರೇ, ಕುಂದಾಪುರ ಉಡುಪಿಯವರೇ. ಆದರೂ ಕಾಲಲ್ಲಿ ಜೀವ ಇರಲಿಲ್ಲ. ಹೊರಗೆ ರಸ್ತೆ, ಮಳೆ, ಬಸ್ಸು. ಯಾರೋ ಚೌಕಿಯಲ್ಲಿ, ವೇಷದವರು ಬಣ್ಣ ಹಚ್ಚುವ ಕೋಣೆಯಲ್ಲಿ, ನೋಡಿ ಅಂದರು. ಹೋದೆ. ಬಣ್ಣದ ವೇಷದವರು ಕನ್ನಡಿ ಎದುರು ಕೂತು ಮುಖಕ್ಕೆ ಚಿಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಒಂದೊಂದೇ ಚುಕ್ಕೆ. ಇವನು ಅವರ ಮೊಣಕಾಲಿಗೆ ಒರಗಿ ನಿಂತು, ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅವರು ಮುಖ ಅಲ್ಲಾಡಿಸದೆ ಕಣ್ಣಲ್ಲೇ ನನಗೆ ಸಮಾಧಾನ ಹೇಳಿದರು. ಅರ್ಧ ಮುಖ ರಾಕ್ಷಸ, ಅರ್ಧ ಮುಖ ನಮ್ಮೂರಿನ ಮಾಮೂಲಿ ಮನುಷ್ಯ.

ನಾನು ಮಾಡಿದ್ದೇನು ಗೊತ್ತಾ? ಅವನ ಕೈ ಹಿಡಿದು ಎಳೆದುಕೊಂಡು, ಆಟ ಬಿಟ್ಟು, ಟ್ಯಾಕ್ಸಿ ಮಾಡಿಕೊಂಡು ಮನೆಗೆ ಬಂದೆ. ಅತ್ತೆಗೆ ವಿಷಯ ಗೊತ್ತಾಯಿತು. ಅವರು ಒಂದು ಮಾತೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಅಲ್ಲಿಂದ ಅವನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅಂದರೆ ನನಗೆ ಆ ಕುರ್ಚಿ ಕಾಣುತ್ತಿತ್ತು. ರಾಣಿಬಾಗಿನ ಮೃಗಾಲಯ ಮುಂದಿನ ವಾರ, ಚೌಪಾಟಿಯ ಕಡಲತೀರ ಮಳೆ ನಿಂತ ಮೇಲೆ. ಹಾಗೆ ಹೇಳಿಕೊಂಡೇ ಅವನು ಹೈಸ್ಕೂಲಿಗೆ ಬಂದ. ಬಾಲ್ಕನಿಯ ಗ್ರಿಲ್ ಹಿಡಿದು ಕೆಳಗೆ ಆಡುವ ಮಕ್ಕಳಿಗೆ ಸ್ಕೋರು ಹೇಳುತ್ತಿದ್ದ. ಈಗ ಪುಣೆಯಲ್ಲಿದ್ದಾನೆ, ರಜೆ ಬಂದರೂ ಮನೆ ಬಿಟ್ಟು ಹೊರಡುವುದಿಲ್ಲ ಅಂತ ನಿನ್ನ ಅತ್ತಿಗೆಯ ದೂರು. ಅವಳು ನಗುತ್ತಾ ಹೇಳುತ್ತಾಳೆ. ನಾನು ಅಡುಗೆಮನೆಗೆ ಎದ್ದು ಹೋಗುತ್ತೇನೆ.

ಇರಲಿ. ನಿನ್ನ ವಿಷಯಕ್ಕೆ ಬರುತ್ತೇನೆ.

ಮೊದಲು ದಾರಿ. ನಮ್ಮ ಮನೆಗೆ ಬರಲು ದಾದರ್ ಬೇಕಾಗಿಯೇ ಇಲ್ಲ ಅಂತ ಮೊನ್ನೆ ಕೆಳಗಿನ ಮನೆಯ ಹುಡುಗಿ ತೋರಿಸಿಕೊಟ್ಟಳು. ನಿಮ್ಮ ಆಕುರ್ಲಿ ಸ್ಟೇಶನ್ನಿನಲ್ಲಿ ಮೆಟ್ರೋ ಹತ್ತಿ ಗುಂದವಲಿವರೆಗೆ. ಅಲ್ಲಿಂದ ಪಕ್ಕದ ಸ್ಟೇಶನ್ನಿಗೆ ನಡೆದು ಇನ್ನೊಂದು ಮೆಟ್ರೋದಲ್ಲಿ ಘಾಟ್ಕೋಪರ್. ಆಮೇಲೆ ಸ್ಲೋ ಟ್ರೇನಿನಲ್ಲಿ ಮುಲುಂಡ್. ಘಾಟ್ಕೋಪರ್‌ನಲ್ಲೂ ಆಫೀಸು ಬಿಡುವ ಹೊತ್ತಿಗೆ ಜನ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಹನ್ನೊಂದರ ಮೇಲೆ ಹೊರಡು, ನಾಲ್ಕರೊಳಗೆ ವಾಪಸು ಹತ್ತು. ಭಾನುವಾರವಾದರೆ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಯ ಬಂದ್, ಇದೆಯಾ ಅಂತ ನೋಡಿಕೊಂಡು ಹೊರಡು, ಇದ್ದರೆ ಟ್ರೇನು ಕಡಿಮೆ, ಪ್ಲಾಟ್‌ಫಾರ್ಮ್ ತುಂಬ ಜನ.

ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಹತ್ತಿರ ನಿಲ್ಲಬೇಡ. ಪಾಪುವನ್ನು ಎತ್ತಿಕೊಂಡೇ ಹತ್ತು. ಇಳಿಯುವುದು ಯಾವ ಬದಿಗೆ ಅಂತ ಒಂದು ಸ್ಟೇಶನ್ ಮೊದಲೇ ಕೇಳಿಕೋ. ಅಲ್ಲಿರುವ ಹೆಂಗಸರು ಗಟ್ಟಿ ಬಾಯಿಯವರು, ಜಗಳಕ್ಕೂ ಸಿದ್ಧ. ಆದರೆ ಮಗು ಅಂದರೆ ಜಾಗ ಬಿಡುತ್ತಾರೆ. ಇಷ್ಟೆಲ್ಲ ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆದೆ.

ಮತ್ತೆ ಆ ಖಾಲಿ ಕೈ. ಪಾಪುವಿಗೆ ಸೇತುವೆ ನೆನಪಿರುವುದಿಲ್ಲ, ಕಾರು ನೆನಪಿರುತ್ತದೆ. ನನಗೆ ಅವನ ಚಿಂತೆ ಅಷ್ಟಿಲ್ಲ. ಪತ್ರದ ಕೊನೆಯಲ್ಲಿ ನೀನು ಸುಮ್ನೆ ಹೇಳಿಬಿಟ್ಟಿದ್ದೀಯ, ದೊಡ್ಡವಳು ಈಗ ಲಿಫ್ಟಿನಲ್ಲೂ ತಮ್ಮನ ಕೈ ಬಿಡುವುದಿಲ್ಲ, ಎಷ್ಟು ಜವಾಬ್ದಾರಿ ಬಂದಿದೆ ನೋಡಿ ಅಂತ. ಅದು ಜವಾಬ್ದಾರಿ ಅಲ್ಲ ಮಗಳೇ. ಸೇತುವೆ ಮೇಲೆ ಅವಳು ಹುಡುಕಿದ್ದು ತಮ್ಮನನ್ನಲ್ಲ, ನೋಡಿದ್ದು ನಿನ್ನ ಮುಖವನ್ನು. ಆವತ್ತು ಅವಳ ಕೈಯನ್ನು ಯಾರು ಹಿಡಿದಿದ್ದರು? ನೀನು ಪಾಪುವಿನ ಕಡೆ ಓಡಿದಾಗ ಅವಳು ಆ ಜನದ ನಡುವೆ ಒಬ್ಬಳೇ ನಿಂತಿರಬೇಕು. ನೀನು ಅದನ್ನು ಬರೆದಿಲ್ಲ. ಬೈಯುತ್ತಿಲ್ಲ, ಯಾವ ತಾಯಿಯಾದರೂ ಹಾಗೇ ಓಡುತ್ತಾಳೆ. ಆದರೆ ಅವಳ ಹತ್ತಿರ ಒಮ್ಮೆ ಕೂತು ಕೇಳು. ತಮ್ಮನ ಕೈ ಹಿಡಿಯುವ ಕೆಲಸ ಅಮ್ಮನದು, ನಿನ್ನದಲ್ಲ ಅಂತ ಹೇಳು.

ಇನ್ನು ಎಲ್ಲಿಗೆ ಹೋಗುವುದು? ಗೋಡೆ, ಗೇಟು ಇರುವ ಜಾಗದಿಂದ ಶುರು ಮಾಡು. ಬೈಕಲಾದ ರಾಣಿಬಾಗ್ ಒಳ್ಳೆಯದು. ಹಳೆಯ ಮರಗಳು, ನೆರಳು, ಅಗಲವಾದ ದಾರಿ. 2017ರಿಂದ ಅಲ್ಲಿ ಪೆಂಗ್ವಿನ್ ನೋಡಬಹುದು, ಹಂಬೋಲ್ಟ್ ಜಾತಿಯವು. ಗಾಜಿನ ಹಿಂದೆ ಈಜುವುದನ್ನು ನೋಡುತ್ತಾ ಮಕ್ಕಳು ಅಲ್ಲಾಡದೆ ನಿಲ್ಲುತ್ತಾರೆ. ಅಷ್ಟು ಹೊತ್ತು ನಿನ್ನ ಕೈಗೂ ವಿಶ್ರಾಂತಿ. ಬುಧವಾರ ರಜೆ.

ವರ್ಲಿಯ ನೆಹರೂ ಸೈನ್ಸ್ ಸೆಂಟರ್ ಕೂಡ ಹಾಗೇ. ಎಲ್ಲವನ್ನೂ ಮುಟ್ಟಿ, ತಿರುಗಿಸಿ ನೋಡಬಹುದು, ಬೈಯುವವರಿಲ್ಲ. ದೊಡ್ಡವಳಿಗೆ ಖಂಡಿತ ಹಿಡಿಸುತ್ತದೆ. ಈಗ ನೆಲದಡಿಯ ಮೆಟ್ರೋ ಅಲ್ಲಿಗೇ ಹೋಗುತ್ತದೆ, ಸ್ಟೇಶನ್ನಿನ ಹೆಸರೇ ಸೈನ್ಸ್ ಸೆಂಟರ್. ಗುಂದವಲಿ ಆದಮೇಲೆ ಮರೋಳ್ ನಾಕಾದಲ್ಲಿ ಬದಲಿಸಬೇಕು. ಆ ಮೆಟ್ರೋದಲ್ಲಿ ಪ್ಲಾಟ್‌ಫಾರ್ಮಿನ ಅಂಚಿಗೆ ಉದ್ದಕ್ಕೂ ಗಾಜಿನ ಗೋಡೆ. ರೈಲು ಬಂದು ನಿಂತ ಮೇಲೇ ಬಾಗಿಲು ತೆರೆಯುತ್ತದೆ. ಹಳಿ ಕಡೆಗೆ ಮಗು ಓಡುತ್ತದೆ ಅನ್ನುವ ಪ್ರಶ್ನೆಯೇ ಇಲ್ಲ. ನಾನು ಮೊದಲ ಸಲ ನೋಡಿದಾಗ, ಇದು ನಮ್ಮ ಕಾಲದಲ್ಲಿ ಇದ್ದಿದ್ದರೆ ಅನ್ನಿಸಿತು. ಇದ್ದಿದ್ದರೂ ನಾನು ಹೋಗುತ್ತಿದ್ದೆನೋ ಇಲ್ಲವೋ.

ಬೊರಿವಲಿಯ ನ್ಯಾಶನಲ್ ಪಾರ್ಕ್ ನಿನಗೆ ಹತ್ತಿರ, ಸೋಮವಾರ ಮುಚ್ಚಿರುತ್ತದೆ. ಕಾನ್ಹೇರಿ ಗುಹೆಗಳಿಗೆ ಮಾತ್ರ ಈಗಲೇ ಬೇಡ, ಮೆಟ್ಟಿಲು ಬಂಡೆಗಳ ಮೇಲೆ ಪಾಪುವಿನ ಹಿಂದೆ ನೀನೊಬ್ಬಳೇ ಓಡಲಾರೆ. ತಿಂಡಿ ಕೈಯಲ್ಲಿ ಹಿಡಿದುಕೊಂಡರೆ ಮಂಗಗಳು ಬಿಡುವುದಿಲ್ಲ. ಜುಹು ಮಳೆಗಾಲದಲ್ಲಿ ಬೇಡವೇ ಬೇಡ. ಅಲೆಯ ಮಾತಿರಲಿ, ಮರಳಿನ ಮೇಲೆ ನೀಲಿ ಬಲೂನಿನ ಥರದ ಬ್ಲೂ ಬಾಟಲ್ ಅನ್ನುವ ಕಡಲ ಜೀವಿಗಳು ಬಂದು ಬಿದ್ದಿರುತ್ತವೆ. ಮುಟ್ಟಿದರೆ ಬೆಂಕಿ ತಗುಲಿದ ಹಾಗೆ ಉರಿ. ಮಕ್ಕಳು ಅದನ್ನೇ ಹೆಕ್ಕಲು ಹೋಗುತ್ತಾರೆ.

ಚಳಿಗಾಲಕ್ಕೆ ನಮ್ಮ ಕಡೆ ಬಾ. ಮುಲುಂಡಿನಿಂದ ಸೇತುವೆ ದಾಟಿದರೆ ಐರೋಲಿ. ಅಲ್ಲಿನ ಖಾಡಿಯಲ್ಲಿ, ಸಮುದ್ರದ ಹಿನ್ನೀರಿನಲ್ಲಿ, ಫ್ಲೆಮಿಂಗೋ ಹಕ್ಕಿಗಳು ಬರುತ್ತವೆ. ಅರಣ್ಯ ಇಲಾಖೆಯವರು ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಭರತ ಇಳಿತ ನೋಡಿಕೊಂಡು ಸಮಯ ಇಡುತ್ತಾರೆ, ಮೊದಲೇ ವಿಚಾರಿಸಬೇಕು. ಅದನ್ನು ಚಿಕ್ಕಪ್ಪನಿಗೆ ಬಿಡು, ಅವರಿಗೆ ಈಗ ಬೇರೆ ಕೆಲಸವೇನಿದೆ.

ಕೆಲವು ಸಣ್ಣ ವಿಷಯ, ಬರೆಯಲೋ ಬೇಡವೋ ಅನ್ನಿಸುತ್ತಿದೆ, ನಿನ್ನ ಭಯ ಇನ್ನೂ ಹೆಚ್ಚಾದೀತು ಅಂತ. ಹೊರಡುವ ಮೊದಲು ಮಕ್ಕಳದೊಂದು ಫೋಟೋ ತೆಗೆ. ಗಾಬರಿಯಲ್ಲಿ ಯಾವ ಬಣ್ಣದ ಅಂಗಿ ಅಂತಲೂ ನೆನಪಾಗುವುದಿಲ್ಲ, ಮಾಟುಂಗದಲ್ಲಿ ನನಗೆ ಆಗಲಿಲ್ಲ. ಪಾಪುವಿನ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ನಿನ್ನ ನಂಬರು ಬರೆ. ಮನೆಯಲ್ಲಿ ಅವನು ಆಡುವುದು ಕನ್ನಡ ಮಾತ್ರ ಅಲ್ವಾ, ನಿನ್ನ ಪೂರ್ತಿ ಹೆಸರು, ಬಿಲ್ಡಿಂಗಿನ ಹೆಸರು, ಕಾಂದಿವಲಿ ಅಂತ ಹೇಳಲು ಕಲಿಸು. ಅಮ್ಮ ಕಾಣದಿದ್ದರೆ ನಿಂತಲ್ಲೇ ನಿಲ್ಲಬೇಕು, ಹುಡುಕಲು ಹೋಗಬಾರದು. ಇದನ್ನು ಮನೆಯಲ್ಲಿ ಆಟದ ಥರ ಆಡಿಸು, ಹೆದರಿಸಿ ಹೇಳಬೇಡ. ದೊಡ್ಡವಳಿಗೆ ಇನ್ನೊಂದು: ಅಕಸ್ಮಾತ್ ಟ್ರೇನಿನಲ್ಲಿ ಅವಳೊಬ್ಬಳೇ ಉಳಿದರೆ ಮುಂದಿನ ಸ್ಟೇಶನ್ನಿನಲ್ಲಿ ಇಳಿದು ಅಲ್ಲೇ ನಿಲ್ಲಲಿ, ಹಿಂದೆ ಬರುವ ಟ್ರೇನಿನಲ್ಲಿ ಅಮ್ಮ ಬರುತ್ತಾಳೆ. ರೈಲ್ವೆಯವರ ಸಹಾಯಕ್ಕೆ 139, ಮಕ್ಕಳ ಸಹಾಯವಾಣಿ 1098. ಎರಡನ್ನೂ ಫೋನಿನಲ್ಲಿ ಹಾಕಿಡು. ಅಷ್ಟು ಸಾಕು, ಇನ್ನು ಆ ಮಾತು ಬೇಡ.

ಆ ಭಯ ಹೋಗುತ್ತದೆ ಅಂತ ನಿನಗೆ ಮಾತು ಕೊಡಲಾರೆ. ನನ್ನದು ಹೋಗಿಲ್ಲ. ಮೊನ್ನೆ ಚಿಕ್ಕಪ್ಪ ಡಿ-ಮಾರ್ಟಿನಲ್ಲಿ ಬೇರೆ ಸಾಲಿಗೆ ಹೋದದ್ದಕ್ಕೇ ಬೆವತುಬಿಟ್ಟೆ, ಅವರು ಬೇಳೆ ಹಿಡಿದು ನಿಂತಿದ್ದರು. ನಗು ಬೇಕಾದರೆ.

ಎರಡನೇ ಶನಿವಾರ ದೊಡ್ಡವಳಿಗೆ ರಜೆ ಅಂತ ಅಕ್ಕ ಹೇಳಿದಳು. ಆವತ್ತು ಬೆಳಿಗ್ಗೆ ರಾಣಿಬಾಗ್. ನೀನು ಸ್ಲೋ ಟ್ರೇನಿನಲ್ಲಿ ಮಹಾಲಕ್ಷ್ಮಿಗೆ ಬಾ. ದಾದರ್‌ನಲ್ಲಿ ಇಳಿಯುವುದಿಲ್ಲ, ಕೂತೇ ಇರು. ಅಲ್ಲಿಂದ ಟ್ಯಾಕ್ಸಿ ಮಾಡು, ಆ ಕಡೆ ಆಟೋ ಇರುವುದಿಲ್ಲ. ಪಾಪುವಿಗೆ ಐದು ತುಂಬಿಲ್ಲ, ಟ್ರೇನಿಗೆ ಟಿಕೆಟ್ ಬೇಡ. ನಾನೂ ಚಿಕ್ಕಪ್ಪನೂ ಬೈಕಲಾದಲ್ಲಿ ಇಳಿದು ಗೇಟಿನ ಟಿಕೆಟ್ ಕೌಂಟರ್ ಹತ್ತಿರ ಇರುತ್ತೇವೆ. ಪಾಪುವಿನ ಕೈ ನಾನು ಹಿಡಿಯುತ್ತೇನೆ, ನೀನು ದೊಡ್ಡವಳ ಜೊತೆ ನಡೆ. ಊಟಕ್ಕೆ ಏನೂ ತರಬೇಡ, ಚಿತ್ರಾನ್ನ ಮಾಡಿಕೊಂಡು ಬರುತ್ತೇನೆ. ಆಗುವುದಿಲ್ಲ ಅಂತಾದರೆ ಶುಕ್ರವಾರ ರಾತ್ರಿಯೊಳಗೆ ಫೋನು ಮಾಡು, ಇಲ್ಲದಿದ್ದರೆ ಬರುತ್ತೀಯ ಅಂತಲೇ ಲೆಕ್ಕ.

ನಿನ್ನ ಚಿಕ್ಕಮ್ಮ